ಹೂಂ ಅಂದರೆ ಹೌದಲ್ಲ, ಮೇಷ್ಟ್ರಂಕಲ್

ಮೇಷ್ಟ್ರಂಕಲ್,

"ಪ್ರೀತಿಯ" ಎಂದು ಬರೆದು ಶುರುಮಾಡಬೇಕೆಂದು ಮೂರು ಸಲ ಕೂತೆ, ಮೂರು ಸಲವೂ ಹೊಡೆದುಹಾಕಿದೆ. ಹಾಗಾಗಿ ಬರೀ ಮೇಷ್ಟ್ರಂಕಲ್. ಭಾನುವಾರ ಕನ್ನಡ ಕಲಿಸುತ್ತಿದ್ದಿರಿ, ಅದಕ್ಕೆ ಮೇಷ್ಟ್ರು. ಇಲ್ಲಿ ನಮ್ಮವರಲ್ಲಿ ದೊಡ್ಡವರೆಲ್ಲ ಅಂಕಲ್ಲೇ, ಅದಕ್ಕೆ ಅಂಕಲ್. ಏಳು ವರ್ಷದವಳಿದ್ದಾಗ ಎರಡನ್ನೂ ಅಂಟಿಸಿ ಕರೆದವಳು ನಾನು. ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ, ಆಮೇಲೆ ನ್ಯೂಜೆರ್ಸಿಯ ಈ ವೆಸ್ಟ್ ವಿಂಡ್ಸರ್‌ನ ಕನ್ನಡದ ಮಕ್ಕಳೆಲ್ಲ ಹಾಗೇ ಕರೆದರು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಕಣೇ ಅನ್ನುತ್ತಾಳೆ ಅಮ್ಮ. ಬದುಕಿದ್ದಾಗ ನೀವು ಒಂದು ಮಾತು ಹೇಳಿದ್ದಿದ್ದರೆ ಆಗಲೇ ಸಿಟ್ಟು ಮಾಡಿಕೊಂಡು ಮುಗಿಸುತ್ತಿದ್ದೆ. ಹೇಳದೆ ಹೋದಿರಿ. ಈಗ ಕೇಳಿಸಿಕೊಳ್ಳಿ.

ನಿಮ್ಮ ಬೇಸ್‌ಮೆಂಟ್ ನೆನಪಿದೆಯಾ? ಹೀಟರ್ ಪಕ್ಕದಲ್ಲಿ ಜಮಖಾನ, ಅದರ ಮೇಲೆ ನಾವು ಒಂಬತ್ತು ಮಕ್ಕಳು. ಅಕ್ಷರ ತಿದ್ದಿ ಮುಗಿದ ಮೇಲೆ ಕಥೆ. ಸೋಮಾರಿ ರಾಜನೊಬ್ಬ ತನ್ನ ಮೂಗಿನ ಮೇಲೆ ಕೂತ ನೊಣ ಓಡಿಸಲು ಮಂತ್ರಿಗಳ ಸಭೆ ಕರೆದ ಕಥೆಯನ್ನು ವಾರಗಟ್ಟಲೆ ಎಳೆದಿರಿ. ಪ್ರತಿ ಸಾಲಿಗೂ ನಾವು ಹೂಂ ಅನ್ನಬೇಕು. ಅನ್ನದಿದ್ದರೆ ಕಥೆ ಅಲ್ಲೇ ನಿಲ್ಲುತ್ತಿತ್ತು. ಒಂದು ದಿನ ಜಾಣತನ ತೋರಿಸಲು ನಾನು ಹೂಂ ಬದಲು "ಯೆಸ್" ಅಂದೆ. ನೀವು ಕನ್ನಡಕ ತೆಗೆದು ನನ್ನನ್ನೇ ನೋಡಿದಿರಿ. "ಯೆಸ್ ಅಲ್ಲ ಪುಟ್ಟಾ. ಹೂಂ ಅಂದ್ರೆ ಒಪ್ಪಿದೆ ಅಂತಲ್ಲ. ಇಲ್ಲೇ ಇದೀನಿ, ಕೇಳ್ತಾ ಇದೀನಿ, ಮುಂದೆ ಹೇಳಿ ಅಂತ. ರಾಜನ ಮೂಗಿನ ಮೇಲೆ ನೊಣ ಕೂತಿದ್ದಕ್ಕೆ ನೀನ್ಯಾಕೆ ಯೆಸ್ ಅಂತೀಯ, ನೀನೇ ಕೂರಿಸಿದ್ಯಾ?" ಎಲ್ಲರೂ ನಕ್ಕರು, ನನ್ನ ಕಿವಿ ಬಿಸಿಯಾಯಿತು. ನನ್ನ ನೋಟ್‌ಬುಕ್‌ನಲ್ಲಿ ಬರೆಸಿದಿರಿ: ಹೂಂ, ಇಲ್ಲೇ ಇದ್ದೇನೆ, ಮುಂದೆ ಹೇಳಿ. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ನಿಮ್ಮ ರೈಟ್ ಗುರುತು. ಆ ನೋಟ್‌ಬುಕ್ಕಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆ ಗುರುವಾರ ಮಧ್ಯಾಹ್ನ ನಾನು ಮ್ಯಾನ್‌ಹಟನ್‌ನ ಆಫೀಸಿನಲ್ಲಿದ್ದೆ. ನಿಮಗೆ ಗೊತ್ತಿರುವುದೇ, ಆದರೂ ಇನ್ನೊಮ್ಮೆ ಹೇಳುತ್ತೇನೆ, ಯಾಕೆಂದರೆ ಇದನ್ನು ಸರಿಯಾಗಿ ಹೇಳಬೇಕಾದವರು ಹೇಳಲಿಲ್ಲ. ನಮ್ಮ ಮನೆಯಿಂದ ಎರಡು ಮನೆ ಆಚೆ ರಿಯಾ, ಎರಡೂವರೆ ವರ್ಷದ ಮಗು. ಅವಳ ಅಪ್ಪ ಅಮ್ಮ ಇಬ್ಬರೂ ನನ್ನ ಹಾಗೇ ಪ್ರಿನ್ಸ್‌ಟನ್ ಜಂಕ್ಷನ್‌ನಲ್ಲಿ ರೈಲು ಹಿಡಿದು ಕಮ್ಯೂಟ್ ಮಾಡುವವರು, ಹಗಲು ಹೊತ್ತು ಮಗು ಅಮ್ಮನ ಹತ್ತಿರ. ಮಗು ಮೆಟ್ಟಿಲ ಮೇಲೆ ಹಟ ಮಾಡುತ್ತ ಹಿಂದಕ್ಕೆ ವಾಲಿತು. ಅಮ್ಮ ಅದರ ಕೈ ಹಿಡಿದು ಎಳೆದುಕೊಂಡಳು. ತಲೆ ಉಳಿಯಿತು, ಮುಂಗೈ ಮೂಳೆ ಮುರಿಯಿತು. ಆಸ್ಪತ್ರೆಯವರು ನಿಯಮದಂತೆ ಪೊಲೀಸರಿಗೆ ತಿಳಿಸಿದರು. ಸ್ಟೇಷನ್ನಿನವರ ಫೋನ್ ಇಂಟರ್‌ಪ್ರಿಟರ್ ಹತ್ತಿರ ಹಿಂದಿ ಇತ್ತು, ಗುಜರಾತಿ ಇತ್ತು, ಆ ಹೊತ್ತಿಗೆ ಕನ್ನಡ ಸಿಗಲಿಲ್ಲ. ಕನ್ನಡ ಬಲ್ಲ ಫ್ಯಾಮಿಲಿ ಫ್ರೆಂಡ್ ಯಾರಾದರೂ ಇದ್ದಾರಾ ಎಂದು ಡಿಟೆಕ್ಟಿವ್ ಫೋನ್ ಮಾಡಿ ನನ್ನನ್ನೇ ಕೇಳಿದ. ನಾನು ಒಂದು ಕ್ಷಣವೂ ಯೋಚಿಸಲಿಲ್ಲ.

"ಮೇಷ್ಟ್ರಂಕಲ್, ನೀವು ಹೋಗ್ತೀರಾ? ನಂಗೆ ನೆಕ್ಸ್ಟ್ ಟ್ರೈನ್ ಇನ್ನೂ ನಲವತ್ತು ನಿಮಿಷ."

"ಚಿಂತೆ ಮಾಡ್ಬೇಡ ಪುಟ್ಟಾ. ನಾನಿದೀನಲ್ಲ."

ಕಳಿಸಿದವಳು ನಾನೇ. ನಿಮ್ಮ ಹಾಗೆ ನಾನು ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ.

ಸ್ಟೇಷನ್ನಿನ ಬಾಗಿಲಲ್ಲಿ ನಾನು ಓಡಿಬಂದಾಗ ನೀವಿಬ್ಬರೂ ಹೊರಗೆ ಬರುತ್ತಿದ್ದಿರಿ. ಅಮ್ಮ ಹ್ಯಾಂಡ್‌ಬ್ಯಾಗನ್ನು ಎದೆಗೆ ಒತ್ತಿಕೊಂಡಿದ್ದಳು. "ಮೇಷ್ಟ್ರು ಇದ್ದಿದ್ದಕ್ಕೆ ಧೈರ್ಯ ಬಂತು ಕಣೇ, ಇಲ್ದಿದ್ರೆ ನನ್ ಬಾಯಿ ಒಣಗೋಗಿತ್ತು" ಅಂದಳು. ಏನು ಕೇಳಿದರು ಎಂದು ನಾನು ಕೇಳಿದರೆ ನೀವು ಕಾರಿನ ಕೀ ಹುಡುಕುತ್ತ, "ಎಲ್ಲಾ ಸರಿಯಾಗಿ ಹೇಳಿದೀನಿ. ಬರೀ ಫಾರ್ಮಾಲಿಟಿ" ಅಂದಿರಿ. ಆಗಲೇ ನಿಮಗೆ ಗೊತ್ತಿತ್ತಲ್ಲವಾ? ಕೀ ನಿಮ್ಮ ಕೈಯಲ್ಲೇ ಇತ್ತು ಅಂಕಲ್.

ಫಾರ್ಮಾಲಿಟಿ ವಾರದೊಳಗೆ ಆರೋಪವಾಯಿತು. ಸಿಟ್ಟಿನಲ್ಲಿ ಮಗುವಿನ ಕೈ ಮುರಿದಳು ಎಂದು. ನದಿ ದಾಟಿದರೆ ನ್ಯೂಯಾರ್ಕಿನಲ್ಲಿ ಇಂಥ ಘೋರ ಅಪರಾಧಕ್ಕೆ ಫೆಲನಿ ಅನ್ನುತ್ತಾರೆ, ನ್ಯೂಜೆರ್ಸಿಯಲ್ಲಿ ಅದಕ್ಕೆ ಬೇರೆ ಹೆಸರು. ಭಾರ ಮಾತ್ರ ಅಷ್ಟೇ. ವರ್ಷಗಟ್ಟಲೆ ಜೈಲು, ಗ್ರೀನ್ ಕಾರ್ಡೂ ಹೋಗಿ ದೇಶ ಬಿಡಿಸುವ ಭಯ. ಅರವತ್ತೆಂಟು ವರ್ಷದ ಅಮ್ಮನಿಗೆ ನಾನೊಬ್ಬಳೇ, ನನಗೆ ಅವಳೊಬ್ಬಳೇ. ಲಾಯರ್ ನಮ್ಮನ್ನು ಕೂರಿಸಿಕೊಂಡು ವಿವರಿಸಿದರು. ಪೊಲೀಸರು ಬರೆದದ್ದು ಇನ್ನೂ ದೂರು ಮಾತ್ರ, ಅದನ್ನು ದೊಡ್ಡ ಕೋರ್ಟಿನ ಕೇಸ್ ಮಾಡುವುದು ಗ್ರ್ಯಾಂಡ್ ಜ್ಯೂರಿ. ಇಪ್ಪತ್ತಮೂರು ಜನ ಊರಿನವರು, ಒಬ್ಬ ಸರ್ಕಾರಿ ವಕೀಲ, ಮುಚ್ಚಿದ ಬಾಗಿಲು. ಹನ್ನೆರಡು ಜನ ಕೈಯೆತ್ತಿದರೆ ಮುಗಿಯಿತು. ಜಡ್ಜ್ ಒಳಗೆ ಕೂರುವುದಿಲ್ಲ. ನಮ್ಮ ಲಾಯರಿಗೂ ಪ್ರವೇಶವಿಲ್ಲ. ಅಮ್ಮನಿಗೂ ಇಲ್ಲ.

"ನನ್ನ ವಿಷಯ ಮಾತಾಡೋವಾಗ ನಾನೇ ಇರಂಗಿಲ್ವಾ?" ಎಂದು ಅಮ್ಮ ಕೇಳಿದಳು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಲಾಯರ್ ಆಕೆಯನ್ನೇ ನೋಡಿ, ಎಷ್ಟೋ ವರ್ಷದಿಂದ ನಾವೂ ಅದನ್ನೇ ಕೇಳುತ್ತಿದ್ದೇವೆ ಅಂದರು.

ನಮ್ಮ ಮನೆಯ ಸ್ಮೋಕ್ ಅಲಾರ್ಮ್ ಬ್ಯಾಟರಿ ಮುಗಿದು ಕುಂಯ್ ಕುಂಯ್ ಅನ್ನುತ್ತಿದ್ದ ಆ ಅಕ್ಟೋಬರ್ ಸಂಜೆ ನೀವು ಬಂದಿರಿ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕಪ್ಪು ಪ್ಯಾಂಟು. "ಏನ್ ಅಂಕಲ್, ಇಂಟರ್‌ವ್ಯೂಗೆ ಹೋಗಿ ಬಂದ್ರಾ?" ಎಂದು ರೇಗಿಸಿದೆ. ನೀವು ಸೀದಾ ಸ್ಟೂಲ್ ಹತ್ತಿ ಬ್ಯಾಟರಿ ಬದಲಾಯಿಸಿದಿರಿ. ಅಮ್ಮ ಸ್ಟೂಲ್ ಅಲ್ಲಾಡದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ನಾನು ಫೋಟೋ ತೆಗೆದೆ. ಆಮೇಲೆ ಮೂರು ಅಕ್ಕಿರೊಟ್ಟಿ ತಿಂದಿರಿ, ನಾಲ್ಕನೆಯದಕ್ಕೆ ಅಮ್ಮ ಬಲವಂತ ಮಾಡಿದಳು. ತಟ್ಟೆಗೆ ಬೆಣ್ಣೆ ಹಾಕುತ್ತ ಕೇಳಿದಳು: "ಮೇಷ್ಟ್ರೇ, ಆ ಇಪ್ಪತ್ತಮೂರು ಜನ ಒಳಗೆ ಏನ್ ಕೇಳ್ತಾರಂತೆ?" ನೀವು ತಲೆ ಎತ್ತಲಿಲ್ಲ. "ಅದೆಲ್ಲಾ ಗುಟ್ಟು ವನಜಮ್ಮ. ಯಾರಿಗೂ ಗೊತ್ತಾಗಲ್ಲ."

ಅದಾದ ಮೂರು ವಾರಕ್ಕೆ ನೀವು ಹೋದಿರಿ. ಚಳಿಗೆ ಎಲ್ಲರೂ ಮಾಲ್‌ನೊಳಗೆ ವಾಕಿಂಗ್ ಮಾಡುತ್ತಾರಲ್ಲ, ಅಲ್ಲೇ ಚಪ್ಪಲಿ ಅಂಗಡಿಯ ಎದುರು ಕುಸಿದಿರಿ. ಕ್ಯಾಲಿಫೋರ್ನಿಯಾದಿಂದ ನಿಮ್ಮ ಮಗ ಬರುವ ತನಕ ಆಸ್ಪತ್ರೆಯಲ್ಲಿ ಕೂತವರು ನಾವು. ನಿಮ್ಮ ಹದಿಮೂರನೆಯ ದಿನಕ್ಕೆ ಪುಳಿಯೋಗರೆ ಅಮ್ಮನದೇ. "ಮೇಷ್ಟ್ರಿಗೆ ಸ್ವಲ್ಪ ಹುಳಿ ಮುಂದಿರಬೇಕು" ಎಂದು ಗೊಜ್ಜನ್ನು ಎರಡೆರಡು ಸಲ ರುಚಿ ನೋಡಿದಳು. ತಲೆಯ ಮೇಲೆ ಕೇಸ್ ತೂಗುತ್ತಿದ್ದ ಹೆಂಗಸು, ನಿಮಗಾಗಿ ಹುಳಿ ನೋಡುತ್ತಿದ್ದಳು. ನಾನು ಅತ್ತೆ ಅಂಕಲ್. ಅಪ್ಪ ಹೋದಾಗ ಚಿಕ್ಕವಳು, ಅಷ್ಟು ಅತ್ತಿರಲಿಲ್ಲ. ನಿಮಗೆ ಅತ್ತೆ. ಆ ಅಳುವನ್ನು ವಾಪಸು ಕೊಡಿ ಎಂದರೆ ಈಗ...

ಲಾಯರ್ ಫೋನ್ ಮಾಡಿದ್ದು ಅದರ ಮುಂದಿನ ವಾರ. ಆರೋಪ ಹೊರಿಸಿಯಾದ ಮೇಲೆ, ಒಳಗೆ ಯಾರು ಏನು ಹೇಳಿದರು ಎಂಬುದರ ಬರಹ ನಮ್ಮ ಕಡೆಯವರಿಗೆ ಸಿಗುತ್ತದೆ. ಬಾಗಿಲು ಮುಚ್ಚಿ ಎಲ್ಲ ಮುಗಿಸಿ, ಆಮೇಲೆ ಕಿಟಕಿ ತೆಗೆದು ತೋರಿಸಿದ ಹಾಗೆ. "ಈ ಸಾಕ್ಷಿ ನಿಮಗೆ ಗೊತ್ತಾ?" ಎಂದು ಕೇಳಿ ಅವರು ಹೆಸರು ಓದಿದರು. ನನಗೆ ಮೊದಲು ಅರ್ಥವೇ ಆಗಲಿಲ್ಲ; ಅದು ನಿಮ್ಮ ಪೂರ್ತಿ ಹೆಸರು, ನಾನು ಅದನ್ನು ಬಳಸಿದವಳೇ ಅಲ್ಲ.

ಪುಟ ಮೂವತ್ತೊಂದು ನನಗೆ ಬಾಯಿಪಾಠವಾಗಿದೆ. ಡಿಟೆಕ್ಟಿವ್ ಹೇಳಿಕೆ ಮುಗಿದಿದೆ: ಸಿಟ್ಟು ಬಂದು ಮಗುವಿನ ಕೈ ಎಳೆದಿರಾ ಎಂದು ಕೇಳಿದೆ, ಹೌದು ಎಂದು ಒಪ್ಪಿಕೊಂಡರು. ಆಮೇಲೆ ನೀವು. ಸರ್ಕಾರಿ ವಕೀಲ ನಾಲ್ಕು ಪ್ರಶ್ನೆ ಕೇಳಿ ಕೂತಿದ್ದಾನೆ. ಆಗ ಜ್ಯೂರಿಯಲ್ಲಿ ಯಾರೋ ಒಬ್ಬರು, ಹೆಸರಿಲ್ಲ, ಕೇಳಿದ್ದಾರೆ: ಸ್ಟೇಷನ್ನಿನಲ್ಲಿ ತೆಗೆದ ವಿಡಿಯೋದಲ್ಲಿ ಆಕೆ ಪ್ರತಿ ಪ್ರಶ್ನೆಗೂ ಅದೇ ಸದ್ದು ಮಾಡುತ್ತಾರೆ ಅಂತೀರಿ, ಆ ಸದ್ದಿಗೆ ಹೌದು ಅನ್ನುವುದು ಬಿಟ್ಟು ಬೇರೆ ಅರ್ಥ ಇರಬಹುದಾ? ದೇವರಂಥ ಪ್ರಶ್ನೆ ಅಂಕಲ್ ಅದು. ಕನ್ನಡದ ಗಂಧವಿಲ್ಲದ ಯಾರೋ ನಿಮ್ಮ ಬಾಯಿಗೇ ಉತ್ತರ ತಂದಿಟ್ಟರು. ನೀವು ಹೇಳಿದಿರಿ: "ನೋ. ಇನ್ ಅವರ್ ಲ್ಯಾಂಗ್ವೇಜ್ ಇಟ್ ಮೀನ್ಸ್ ಯೆಸ್."

ಅವರ್ ಲ್ಯಾಂಗ್ವೇಜ್. ಯಾರ ಲ್ಯಾಂಗ್ವೇಜ್ ಅಂಕಲ್? ಜಮಖಾನದ ಮೇಲೆ ಕೂರಿಸಿ ನೀವೇ ಕಲಿಸಿದ್ದು. ಕೆಲವು ಸಲ ಹೂಂ ಅಂದರೆ ಹೌದೂ ಹೌದು, ನನಗೂ ಗೊತ್ತು. ಕಾಫಿ ಬೇಕಾ ಅಂದರೆ ಹೂಂ ಅನ್ನುತ್ತೇವೆ. ಅದಕ್ಕೇ ತಾನೇ ಹೇಳಬೇಕಾಗಿದ್ದು, ಎರಡೂ ಆಗಬಹುದು, ಆಕೆಯನ್ನೇ ಇನ್ನೊಮ್ಮೆ ಕೇಳಿ ಎಂದು? ಅಷ್ಟು ಹೇಳಲು ಎಷ್ಟು ಉಸಿರು ಬೇಕಿತ್ತು?

ಆ ಪುಟಗಳ ಮೇಲೆ ತಾರೀಖಿತ್ತು. ಫೋನ್ ತೆಗೆದು ಫೋಟೋ ನೋಡಿದೆ. ಅದೇ ದಿನ. ಇಸ್ತ್ರಿ ಮಾಡಿದ ಬಿಳಿ ಶರ್ಟು. ಮಧ್ಯಾಹ್ನ ಆ ಕೋಣೆಯಲ್ಲಿ ಅಮ್ಮನನ್ನು ಒಪ್ಪಿಸಿ, ಸಂಜೆ ನಮ್ಮ ಮನೆಗೆ ಬಂದು, ಅವಳು ಹಿಡಿದುಕೊಂಡ ಸ್ಟೂಲ್ ಮೇಲೆ ನಿಂತಿದ್ದೀರಿ. ಗುಟ್ಟು ಅಂದಿರಲ್ಲ, ಲಾಯರನ್ನು ಅದನ್ನೂ ಕೇಳಿದೆ. ಆ ಗುಟ್ಟಿನ ಕಟ್ಟುಪಾಡು ಜ್ಯೂರಿಗೆ, ಸರ್ಕಾರಿ ವಕೀಲನಿಗೆ. ನಮ್ಮ ಸ್ಟೇಟ್‌ನಲ್ಲಿ ಸಾಕ್ಷಿಗೆ ಇಲ್ಲವಂತೆ. ನೀವು ಹೇಳಬಹುದಾಗಿತ್ತು. ರೊಟ್ಟಿ ತಿನ್ನುತ್ತಲೇ ಹೇಳಬಹುದಾಗಿತ್ತು.

ಸ್ಟೇಷನ್ನಿನ ವಿಡಿಯೋವನ್ನು ಲಾಯರ್ ಆಫೀಸಿನಲ್ಲಿ ನೋಡಿದ ದಿನ ನನಗೆ ನಿಮ್ಮ ಮೇಲೆ ಸ್ವಲ್ಪ ಕನಿಕರವೂ ಬಂತು, ಸುಳ್ಳು ಹೇಳುವುದಿಲ್ಲ. ನೀವು ಕೇಳುತ್ತೀರಿ: "ಮಗು ಹಟ ಮಾಡ್ತು, ನಿಮಗೆ ಸಿಟ್ಟು ಬಂತು, ಕೈ ಹಿಡಿದು ಎಳೆದ್ರಿ, ಹಾಗಾ?" ಒಂದೊಂದು ತುಂಡಿಗೂ ಅಮ್ಮ ಹೂಂ, ಹೂಂ ಎಂದು ತಲೆಯಾಡಿಸುತ್ತಾಳೆ, ಥೇಟ್ ನಿಮ್ಮ ಬೇಸ್‌ಮೆಂಟ್ ಮಕ್ಕಳ ಹಾಗೆ. ಕೊನೆಗೆ, "ಹೂಂ... ಅದು ಹಂಗಲ್ಲ ಮೇಷ್ಟ್ರೇ, ಮಗು ಹಿಂದಕ್ಕೆ ಬೀಳ್ತಾ ಇತ್ತು" ಅನ್ನುತ್ತಾಳೆ. ನೀವು ಅದನ್ನು ಹೇಳಲು ಬಾಯಿ ತೆರೆಯುತ್ತೀರಿ. ಡಿಟೆಕ್ಟಿವ್ ಕೈ ಎತ್ತುತ್ತಾನೆ, ಬರೀ ಯೆಸ್ ಆರ್ ನೋ ಹೇಳಿ ಸರ್ ಅನ್ನುತ್ತಾನೆ. ನೀವು ಗಂಟಲು ಸರಿಮಾಡಿಕೊಂಡು "ಯೆಸ್" ಅನ್ನುತ್ತೀರಿ. ಹೆದರಿದ್ದಿರಿ. ಪೊಲೀಸರ ಮುಂದೆ ಯಾರಿಗಾದರೂ ಹೆದರಿಕೆಯಾಗುತ್ತದೆ. ಅದು ತಪ್ಪು, ಅಷ್ಟೇ. ಅದನ್ನು ನಾನು ಕ್ಷಮಿಸುತ್ತಿದ್ದೆ.

ಆದರೆ ಅಕ್ಟೋಬರ್‌ನಲ್ಲಿ ನಿಮ್ಮ ಎದುರು ಕೈ ಎತ್ತುವವರು ಯಾರೂ ಇರಲಿಲ್ಲ. ಆರು ತಿಂಗಳು ಯೋಚಿಸಲು ಸಮಯವಿತ್ತು. ಮೊದಲ ತಪ್ಪನ್ನು ನೀವು ಒಪ್ಪಿಕೊಳ್ಳಬೇಕಾಗಿತ್ತು, ಅದರ ಬದಲು ಅಮ್ಮನನ್ನು ಒಪ್ಪಿಸಿಬಿಟ್ಟಿರಿ. "ಪೊಲೀಸರು ಕನ್ನಡಕ್ಕೆ ನನ್ನನ್ನೇ ಕರೀತಾರೆ" ಎಂದು ಕನ್ನಡ ಸಂಘದ ಯುಗಾದಿ ಊಟದಲ್ಲಿ ಹೇಳಿಕೊಂಡಿದ್ದಿರಂತೆ. ಆ ಹೆಸರಿಗೆ ಮಸಿ ಹತ್ತಬಾರದು, ಅಲ್ಲವಾ? ಅಷ್ಟಕ್ಕಾಗಿ?

ಎಷ್ಟೋ ದಿನ ಒಂದೇ ಪ್ರಶ್ನೆ ಸುತ್ತಿಸುತ್ತಿದ್ದೆ. ಆ ಕೋಣೆಯ ಮೂಲೆಯಲ್ಲಿ ಒಂದು ಕುರ್ಚಿ ಹಾಕಿ ಅಮ್ಮನನ್ನು ಕೂರಿಸಿದ್ದಿದ್ದರೆ, ಅವಳು ಹ್ಯಾಂಡ್‌ಬ್ಯಾಗ್ ಒತ್ತಿಕೊಂಡು ನಿಮ್ಮನ್ನೇ ನೋಡುತ್ತಿದ್ದಿದ್ದರೆ, ನೀವು ಹಾಗೆ ಹೇಳುತ್ತಿದ್ದಿರಾ? ಹೇಳುತ್ತಿರಲಿಲ್ಲ. ನನಗೆ ನಿಮ್ಮ ಬಗ್ಗೆ ಅಷ್ಟು ನಂಬಿಕೆ ಇನ್ನೂ ಇದೆ, ಅದೇ ನನಗೆ ಹೆಚ್ಚು ಸಂಕಟ. ಕೆಟ್ಟವರಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಯಾರೂ ನೋಡುತ್ತಿಲ್ಲ ಅನ್ನುವ ಕೋಣೆ ಸಿಕ್ಕಿತು, ನೀವು ನೀವಾಗಿ ಉಳಿಯಲಿಲ್ಲ.

ಅಮ್ಮನಿಗೆ ಹೇಳದೆ ಒಂದು ತಿಂಗಳು ತಳ್ಳಿದೆ. ನಿಮ್ಮ ಫೋಟೋ ನಮ್ಮ ಹಾಲ್‌ನಲ್ಲಿತ್ತು, ಅವಳು ದಿನಾ ಹೂವಿಡುತ್ತಿದ್ದಳು, ನನಗೆ ತಡೆಯಲಾಗಲಿಲ್ಲ. ಒಂದು ಶನಿವಾರ ಬೆಳಿಗ್ಗೆ ಕೂರಿಸಿಕೊಂಡು ಆ ಪುಟಗಳನ್ನು ಒಂದೊಂದು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಡಿಟೆಕ್ಟಿವ್ ಹೇಳಿದ್ದಕ್ಕೆಲ್ಲ ಹೂಂ, ಹೂಂ ಎನ್ನುತ್ತ ಕೇಳಿದಳು. ಪುಟ ಮೂವತ್ತೊಂದಕ್ಕೆ ಬಂದೆ. ನಿಮ್ಮ ಉತ್ತರ ಹೇಳಿದೆ. ಅಮ್ಮ ಹೂಂ ಅನ್ನಲಿಲ್ಲ. ನಾನು ಕಾದೆ. ನಿಮ್ಮ ನಿಯಮದ ಪ್ರಕಾರ ಕಥೆ ಅಲ್ಲಿಗೆ ನಿಲ್ಲಬೇಕಲ್ಲ.

"ಇಂಗ್ಲಿಷ್‌ನಲ್ಲಿ ಕೇಳಿದ್ರೆ ಇಂಗ್ಲಿಷೇ ಬಾಯಿಗೆ ಬರುತ್ತೆ. ಮೇಷ್ಟ್ರಿಗೆ ಗಾಬರಿ ಆಗಿರುತ್ತೆ" ಅಂದಳು ಕೊನೆಗೆ. ಎದ್ದು ಹೋಗಿ ಪಾತ್ರೆ ತೊಳೆದಳು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಮಾರನೆಯ ದಿನದಿಂದ ಫೋಟೋಗೆ ಹೂವಿಲ್ಲ. ಫೋಟೋ ತೆಗೆಯಲೂ ಇಲ್ಲ, ನನ್ನನ್ನು ತೆಗೆಯಲು ಬಿಡಲೂ ಇಲ್ಲ.

ನಿಮಗೆ ತಿಳಿಯದ ಸುದ್ದಿ ಹೇಳುತ್ತೇನೆ. ಕೇಸ್ ಬಿದ್ದುಹೋಯಿತು. ಲಾಯರ್ ಬೇರೆ ಸ್ಟೇಟ್‌ನಿಂದ ತರಬೇತಾದ ಕನ್ನಡ ಇಂಟರ್‌ಪ್ರಿಟರ್ ಒಬ್ಬರನ್ನು ಹಿಡಿದು ವಿಡಿಯೋ ಪೂರ್ತಿ ಮತ್ತೆ ಬರೆಸಿದರು. ನಾನು ಅಟ್ಟದ ಪೆಟ್ಟಿಗೆಯಿಂದ ಆ ನೋಟ್‌ಬುಕ್ ತೆಗೆದುಕೊಟ್ಟೆ. ಏಳು ವರ್ಷದ ನನ್ನ ಸೊಟ್ಟ ಅಕ್ಷರ, ನಿಮ್ಮ ಕೆಂಪು ರೈಟ್. ಅದೂ ಕಾಗದಪತ್ರದ ಜೊತೆ ಹೋಯಿತು. ತೆರೆದ ಕೋರ್ಟಿನಲ್ಲಿ, ಅಮ್ಮನ ಎದುರಿಗೇ, ಜಡ್ಜ್ ಆ ಆರೋಪವನ್ನು ತಳ್ಳಿಹಾಕಿದರು. ಸರ್ಕಾರಿ ವಕೀಲರು ಮತ್ತೆ ತರಲಿಲ್ಲ. ಒಂದೂವರೆ ವರ್ಷ ಹಿಡಿಯಿತು. ತೆರೆದ ಕೋಣೆಯಲ್ಲಿ ಅರ್ಧ ಗಂಟೆಯಲ್ಲಿ ಬಿದ್ದ ಮಾತು, ಮುಚ್ಚಿದ ಕೋಣೆಯ ಬಲದಲ್ಲಿ ಒಂದೂವರೆ ವರ್ಷ ನಿಂತಿತ್ತು. ರಿಯಾಳ ಮನೆಯವರು ಈಗಲೂ ಅಮ್ಮನನ್ನು ಕಂಡರೆ ಫೋನ್ ನೋಡಿಕೊಂಡು ಹೋಗುತ್ತಾರೆ.

ಇನ್ನೊಂದು ಸುದ್ದಿ. ಈ ಪದ್ಧತಿಯನ್ನು ಬದಲಾಯಿಸಬೇಕೆಂದು ನಮ್ಮ ಸ್ಟೇಟ್‌ನ ರಾಜಧಾನಿ ಟ್ರೆಂಟನ್‌ನಲ್ಲಿ ಒಂದು ಬಿಲ್ ಚರ್ಚೆಗೆ ಬಂದಿದೆ. ಇಷ್ಟು ದೊಡ್ಡ ಆರೋಪ ಮುಚ್ಚಿದ ಕೋಣೆಗೆ ಹೋಗುವ ಮೊದಲು ತೆರೆದ ಕೋರ್ಟಿನಲ್ಲಿ ಜಡ್ಜ್ ಎದುರು ಬರಲಿ, ಆರೋಪ ಹೊತ್ತವರೂ ಅವರ ಲಾಯರೂ ಅಲ್ಲಿ ಕೂತಿರಲಿ, ಸಾಕ್ಷಿಯನ್ನು ಪ್ರಶ್ನಿಸಲಿ. ಬೇರೆ ಭಾಷೆಯ ಮಾತಾದರೆ ಅನುವಾದದ ಜೊತೆ ಮೂಲ ಮಾತನ್ನೂ ಕೇಳಿಸಲಿ ಎಂದು. ಪಾಸಾಗುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಸಾಕ್ಷಿಗಳಿಗೆ ಮುಜುಗರವಾಗುತ್ತದೆ ಎಂದು ವಿರೋಧಿಸುವವರಿದ್ದಾರೆ. ಮುಜುಗರವಾಗಲಿ ಎಂದೇ ನಾನು ಕೇಳುತ್ತಿರುವುದು. ಬರುವ ಮಂಗಳವಾರ ಸಮಿತಿಯ ಮುಂದೆ ನನಗೆ ಮೂರು ನಿಮಿಷ ಕೊಟ್ಟಿದ್ದಾರೆ. ನಿಮ್ಮ ಹೆಸರು ಹೇಳುವುದಿಲ್ಲ. ಅಮ್ಮ ನನ್ನ ಕೈಯಲ್ಲಿ ಆಣೆ ಮಾಡಿಸಿಕೊಂಡಿದ್ದಾಳೆ. "ನಮ್ಮ ಮನೆಯ ಸ್ನೇಹಿತರೊಬ್ಬರು" ಎಂದಷ್ಟೇ ಬರೆದುಕೊಂಡಿದ್ದೇನೆ, ಪ್ರತಿ ಸಲ ಓದುವಾಗಲೂ ಅಲ್ಲೇ ಎಡವುತ್ತೇನೆ.

ಕೊನೆಯದು, ಇದನ್ನು ಹೇಳಲೆಂದೇ ಬರೆಯಲು ಕೂತದ್ದು. ಆ ಶನಿವಾರದಿಂದ ಅಮ್ಮ ಹೂಂ ಅನ್ನುವುದನ್ನೇ ಬಿಟ್ಟಿದ್ದಾಳೆ. ಮೈಸೂರಿನಿಂದ ಚಿಕ್ಕಮ್ಮ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದರೆ ಇವಳು ತುಟಿ ಬಿಗಿಹಿಡಿದು ಕೇಳುತ್ತಾಳೆ. "ಇದೀಯೇನೇ ವನಜಾ? ಲೈನ್ ಕಟ್ಟಾಯ್ತಾ?" ಎಂದು ಆ ಕಡೆಯಿಂದ ಕೂಗುತ್ತಲೇ ಇರುತ್ತಾಳೆ ಚಿಕ್ಕಮ್ಮ. ನಾನೂ ಏನೂ ಕೇಳಿರಲಿಲ್ಲ, ತಾನಾಗಿ ಬಂದೀತು ಎಂದು ಬಿಟ್ಟಿದ್ದೆ. ನಿನ್ನೆ ಮಧ್ಯಾಹ್ನ ಅಡುಗೆಮನೆಯಲ್ಲಿ ನಿಂತು ಮಂಗಳವಾರ ಹೇಳುವುದನ್ನು ಅವಳಿಗೆ ಕನ್ನಡದಲ್ಲಿ ಓದುತ್ತಿದ್ದೆ. ಅವಳು ಹುರುಳಿಕಾಯಿ ನಾರು ಬಿಡಿಸುತ್ತಿದ್ದಳು. ಮೆಟ್ಟಿಲ ವಿಷಯಕ್ಕೆ ಬಂದಾಗ, ಎಷ್ಟು ತಿಂಗಳಾದ ಮೇಲೋ, ಮೆಲ್ಲಗೆ "ಹೂಂ" ಅಂದಳು.

ನಾನು ಓದುವುದು ನಿಲ್ಲಿಸಿದೆ. ಅವಳ ಕೈಯೂ ನಿಂತಿತು. ಮುಖ ಎತ್ತಿದಳು, ಸ್ಟೇಷನ್ನಿನ ವಿಡಿಯೋದಲ್ಲಿದ್ದ ಅದೇ ಮುಖ. "ಹೌದು ಅಂತಲ್ಲ ಕಣೇ," ಅಂದಳು, "ಕೇಳ್ತಾ ಇದೀನಿ ಅಂತ ಅಂದೆ, ಅಷ್ಟೇ."

ನನಗೆ ಹೇಳಿದಳು ಮೇಷ್ಟ್ರಂಕಲ್. ತನ್ನ ಮಗಳಿಗೆ, ತನ್ನ ಅಡುಗೆಮನೆಯಲ್ಲಿ, ಕನ್ನಡದಲ್ಲಿ.

ಚೈತ್ರಾ